ಅವರೆಬೇಳೆ ಮೇಳದಲ್ಲಿ ಮಕ್ಕಳ ಕೈಗೂ ಕೆಲಸ ಕೊಡಿ

ಆಹಾರ ಮೇಳಕ್ಕೆ ಮನೆಮಂದಿಯೆಲ್ಲ ಹೊರಡುವಾಗ ಸಾಮಾನ್ಯವಾಗಿ ಎರಡು ಪ್ರಶ್ನೆ ಬರುತ್ತವೆ. ಅಲ್ಲಿ ತಿನ್ನೋಕೆ ಏನಿದೆ? ಮಕ್ಕಳಿಗೆ ಆಡೋಕೆ ಏನಿದೆ? ಇವೆರಡನ್ನೂ ಬೇರೆ ಬೇರೆ ಮಾಡಿ ನೋಡುವುದು ನನಗೆ ಸರಿ ಕಾಣುವುದಿಲ್ಲ. ತಿಂಡಿ ದೊಡ್ಡವರಿಗೆ, ಗಾಳಿ ತುಂಬಿದ ಜಾರುಬಂಡೆ ಮಕ್ಕಳಿಗೆ, ವಯಸ್ಸಾದವರಿಗೆ ಸಿಕ್ಕಿದರೆ ಒಂದು ಪ್ಲಾಸ್ಟಿಕ್ ಕುರ್ಚಿ. ಹೀಗೆ ಮೂರು ಪಾಲು ಮಾಡಿದ ಮೇಲೆ ಎಲ್ಲರೂ ಒಟ್ಟಿಗೆ ಬಂದು ಏನು ಮಾಡಿದ ಹಾಗಾಯಿತು? ಜಾರುಬಂಡೆ ಯಾವ ಮಾಲ್‌ನಲ್ಲಿ ಬೇಕಾದರೂ ಇರುತ್ತದೆ. ನಾಟಿ ಅವರೆಕಾಯಿ ಹಾಗಲ್ಲ, ಅದು ಚಳಿಗಾಲಕ್ಕೆ ಮಾತ್ರ.

ನಾನು ಹೇಳುತ್ತಿರುವುದು ಬೆಂಗಳೂರಿನ ಅವರೆಬೇಳೆ ಮೇಳದ ಬಗ್ಗೆ. ವಿ.ವಿ. ಪುರಂನ ಸಜ್ಜನ್ ರಾವ್ ವೃತ್ತದ ಹತ್ತಿರ, ತಿಂಡಿ ಬೀದಿಯಲ್ಲಿ, ಶ್ರೀ ವಾಸವಿ ಕಾಂಡಿಮೆಂಟ್ಸ್‌ನವರು ಎರಡು ದಶಕಕ್ಕೂ ಹಿಂದೆ ಶುರು ಮಾಡಿದ ಮೇಳ ಇದು. ಆ ಬೀದಿ ನೋಡಿದವರಿಗೆ ಗೊತ್ತು, ಅಗಲ ಎಷ್ಟು ಅಂತ. ಮೇಳದ ಸಂಜೆಗಳಲ್ಲಿ ಅಲ್ಲಿ ಕಾಲಿಡೋಕೆ ಜಾಗ ಇರುತ್ತಿರಲಿಲ್ಲ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಒಂದು ಕೈಯಲ್ಲಿ ತಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಅಮ್ಮನ ಕೈ ಬಿಡದೆ, ಯಾರಾದರೂ ತಳ್ಳಿದರೆ ಬಿಸಿ ಸಾರು ಯಾರ ಮೇಲೆ ಚೆಲ್ಲುತ್ತದೋ ಅಂತ ಹೆದರಿಕೊಂಡೇ ತಿನ್ನಬೇಕಿತ್ತು. ಈಚಿನ ವರ್ಷಗಳಲ್ಲಿ ಮೇಳ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದಿದೆ. ಬಸವನಗುಡಿಯಲ್ಲಿ ಅದು ಎಲ್ಲರಿಗೂ ಗೊತ್ತಿರುವ ಜಾಗ, ಹತ್ತಿರದಲ್ಲೇ ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣ ಇದೆ. ಮಂಡಿ ನೋವಿರುವ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಇದರಿಂದ ಎಷ್ಟು ಅನುಕೂಲ ಆಗಿದೆ ಅಂತ ಹೇಳಿದರೆ ಸಾಲದು. ಹಳೇ ಬೀದಿಯ ಕಳೆ ಮೈದಾನಕ್ಕೆ ಇಲ್ಲ ಅನ್ನುವವರಿದ್ದಾರೆ. ಇರಬಹುದು. ಆದರೂ ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡು ಬರುವ ತಾಯಿಯ ಪರವಾಗಿಯೇ ನನ್ನ ಓಟು.

ತಿಂಡಿಯ ಪಟ್ಟಿ ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಅವರೆಬೇಳೆ ದೋಸೆ, ಅಕ್ಕಿ ರೊಟ್ಟಿ, ಪಡ್ಡು, ವಡೆ, ನಿಪ್ಪಟ್ಟು, ಕೋಡುಬಳೆ, ಮಿಕ್ಸ್ಚರು. ಸಿಹಿ ಕಡೆಗೆ ಬಂದರೆ ಹೋಳಿಗೆ, ಪಾಯಸ, ಜಾಮೂನು, ಜಿಲೇಬಿ. ಮಂಚೂರಿ, ಐಸ್‌ಕ್ರೀಮ್ ಕೂಡ ಅವರೆಬೇಳೆಯದೇ. ಐಸ್‌ಕ್ರೀಮಿಗೂ ಅವರೆಬೇಳೆಗೂ ಏನು ಸಂಬಂಧ ಅಂತ ಮೂಗು ಮುರಿಯುವ ಹಿರಿಯರು ಪ್ರತಿ ಮನೆಯಲ್ಲೂ ಇರುತ್ತಾರೆ. ನನಗೇನೋ ಅದು ಇರಲಿ ಅನಿಸುತ್ತದೆ. ಸಾರು ಕಂಡರೆ ಓಡಿಹೋಗುವ ಮಗು ಐಸ್‌ಕ್ರೀಮಿನ ನೆಪದಲ್ಲಾದರೂ ಅವರೆಯ ಹೆಸರು ಹೇಳುತ್ತದಲ್ಲ.

ಆದರೆ ಹೆಸರು ಹೇಳುವುದು ಬೇರೆ, ಅವರೆ ಗೊತ್ತಿರುವುದು ಬೇರೆ. ನನ್ನ ಅಣ್ಣನ ಮಗ ಹಿದುಕಿದ ಬೇಳೆ ನೋಡಿದ್ದ, ತಿಂದಿದ್ದ, ಅವರೆಕಾಯಿಯನ್ನೂ ನೋಡಿದ್ದ. ಇದರೊಳಗಿಂದಲೇ ಅದು ಬರುವುದು ಅಂತ ಅವನಿಗೆ ಗೊತ್ತಿರಲಿಲ್ಲ. ಅವನದು ತಪ್ಪಲ್ಲ. ಪಟ್ಟಣದ ಮನೆಗಳಿಗೆ ಈಗ ಬೇಳೆ ಕವರಿನಲ್ಲಿ ಬರುತ್ತದೆ, ಕಾಯಿ ಬಿಡಿಸೋಕೆ ಯಾರಿಗೂ ಪುರುಸೊತ್ತಿಲ್ಲ. ಅದಕ್ಕೇ ನಾನು ಮೇಳಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ದಿನ ಮೊದಲು ಗಾಂಧಿ ಬಜಾರಿಗೆ ಹೋಗುತ್ತೇನೆ. ಜನವರಿಯಲ್ಲಿ ಅಲ್ಲಿ ಅವರೆಕಾಯಿ ರಾಶಿ ರಾಶಿಯಾಗಿ ಬಿದ್ದಿರುತ್ತದೆ. ಮಾಗಡಿ ಕಡೆಯದು, ಕೋಲಾರದ್ದು, ಚಿಂತಾಮಣಿಯದ್ದು ಅಂತ ಮಾರುವವರು ಕೂಗುತ್ತಿರುತ್ತಾರೆ. ಮಕ್ಕಳ ಕೈಗೆ ಚೀಲ ಕೊಟ್ಟು, ನೀವೇ ಆರಿಸಿ ಅಂದುಬಿಡಬೇಕು.

ಆರಿಸುವುದೇ ಒಂದು ಆಟ. ಕಾಯಿ ಬೆರಳಲ್ಲಿ ಒತ್ತಿ ನೋಡಬೇಕು, ಒಳಗೆ ಕಾಳು ತುಂಬಿದೆಯಾ ಅಂತ. ಚಪ್ಪಟೆ ಇದ್ದರೆ ಎಳಸು, ಹಳದಿಗೆ ತಿರುಗಿದ್ದರೆ ಬಲಿತಿದ್ದು. ಆಮೇಲೆ ಮೂಗಿನ ಹತ್ತಿರ ಹಿಡಿಯಬೇಕು. ನಾಟಿ ಅವರೆಯ ಸಿಪ್ಪೆ ಮೇಲೆ ಎಣ್ಣೆ ಸವರಿದ ಹಾಗೆ ಒಂದು ಅಂಟು ಇರುತ್ತದೆ, ಸೊಗಡು ಇರುವುದು ಅದರಲ್ಲೇ. ಕೈಗೆ ಅಂಟಿದರೆ ಸೋಪು ಹಾಕಿ ತೊಳೆದರೂ ಸಂಜೆವರೆಗೆ ಹೋಗುವುದಿಲ್ಲ. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಮಕ್ಕಳು ಕಾಯಿ ಮೂಸಿ ಮೂಸಿ ಆರಿಸುವುದನ್ನು ನೋಡಿ ಮಾರುವ ಅಮ್ಮ ಒಂದು ಹಿಡಿ ಜಾಸ್ತಿಯೇ ಹಾಕಿದರು. “ಮಗಾ, ವಾಸ್ನೆ ನೋಡಿ ತಗೋಳೋರು ಈಗ ಎಲ್ಲವ್ರೆ?” ಅಂದರು.

ಮತ್ತೆ ಹುಳ. ಅವರೆಕಾಯಿ ಅಂದ ಮೇಲೆ ಹುಳ ಇದ್ದೇ ಇರುತ್ತದೆ, ಕಾಯಿಯೊಳಗೆ ಹಸಿರು ಹುಳ ಸುರುಳಿ ಸುತ್ತಿಕೊಂಡು ಕೂತಿರುತ್ತದೆ. ಎಷ್ಟೋ ಅಪ್ಪ ಅಮ್ಮಂದಿರು ಮಕ್ಕಳಿಗೆ ಅದು ಕಾಣದ ಹಾಗೆ ಮುಚ್ಚಿಡುತ್ತಾರೆ. ಮುಚ್ಚಿಡಬೇಡಿ. ಕಾಯಿಯ ಮೇಲೆ ತೂತು ಇದ್ದರೆ ಒಳಗೆ ಹುಳ ಇದೆ ಅಥವಾ ಇದ್ದು ಹೋಗಿದೆ ಅಂತ ಹೇಳಿಕೊಡಿ. ತೂತು ಹುಡುಕುವುದರಲ್ಲಿ ಮಕ್ಕಳ ಕಣ್ಣು ನಮಗಿಂತ ಚುರುಕು. ಮೊದಲ ಹುಳಕ್ಕೆ ಕಿರುಚುತ್ತಾರೆ, ಆಮೇಲೆ ಯಾರಿಗೆ ಜಾಸ್ತಿ ಹುಳ ಸಿಕ್ಕಿತು ಅಂತ ಪೈಪೋಟಿ ಶುರುವಾಗುತ್ತದೆ.

ಇಷ್ಟು ಹೊತ್ತಿಗೆ ಮಕ್ಕಳು ಕೇಳುವ ಪ್ರಶ್ನೆ ಒಂದಿದೆ. ಇದು ಈಗಲೇ ಯಾಕೆ ಬರುತ್ತದೆ, ಬೇಸಿಗೆಯಲ್ಲಿ ಯಾಕೆ ಇಲ್ಲ? ಒಳ್ಳೆ ಪ್ರಶ್ನೆ ಇದು. ನಮ್ಮ ನಾಟಿ ಅವರೆ ಹಗಲಿನ ಉದ್ದ ನೋಡಿ ಹೂ ಬಿಡುವ ಗಿಡ. ಮಳೆಗಾಲದಲ್ಲಿ ರಾಗಿ ಬಿತ್ತುವಾಗಲೇ ರೈತರು ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಾರೆ. ಹಗಲು ಉದ್ದ ಇರುವಷ್ಟು ದಿನ ಅವರೆ ಬರೀ ಬಳ್ಳಿ, ಬರೀ ಎಲೆ. ಹಗಲು ಚಿಕ್ಕದಾಗುತ್ತಾ ಬಂದ ಮೇಲೆ ಹೂವು ಬರುತ್ತದೆ. ರಾಗಿ ಕೊಯ್ಲು ಮುಗಿದ ಹೊಲದಲ್ಲಿ ಅವರೆ ಇನ್ನೂ ಹಸಿರಾಗಿ ನಿಂತಿರುತ್ತದೆ, ಅದರ ಬೇರು ಮಣ್ಣಿಗೆ ಸಾರಜನಕ ಕೂಡಿಸುತ್ತದೆ. ವರ್ಷವಿಡೀ ಕಾಯಿ ಬಿಡುವ ಹೆಬ್ಬಾಳ ಅವರೆ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಕೊಟ್ಟಿದೆ. ಅದಕ್ಕೇ ಈಗ ಬೇಸಿಗೆಯಲ್ಲೂ ಮಾರುಕಟ್ಟೆಯಲ್ಲಿ ಒಂದಿಷ್ಟು ಅವರೆಕಾಯಿ ಕಾಣುತ್ತದೆ. ಆದರೆ ಚಳಿಗಾಲದ ನಾಟಿ ಕಾಯಿಯ ಸೊಗಡು ಅದಕ್ಕಿಲ್ಲ, ಮೂಗು ಇರುವ ಯಾರನ್ನು ಬೇಕಾದರೂ ಕೇಳಿ. ಇಷ್ಟನ್ನು ಕಾಯಿ ಕೈಯಲ್ಲಿ ಹಿಡಿದ ಮಗುವಿಗೆ ಹೇಳಿದರೆ ಕಿವಿ ಕೊಟ್ಟು ಕೇಳುತ್ತದೆ. ಪಾಠದ ಪುಸ್ತಕದಲ್ಲಿ ಹೇಳಿದರೆ ಆಕಳಿಸುತ್ತದೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸಕ್ಕೆ ಬರುತ್ತೇನೆ. ಹಿದುಕುವುದು.

ಬಿಡಿಸಿದ ಕಾಳನ್ನು ನೀರಲ್ಲಿ ನೆನೆಸಿಡಬೇಕು, ರಾತ್ರಿ ಹಾಕಿದರೆ ಬೆಳಿಗ್ಗೆಗೆ ಸರಿಹೋಗುತ್ತದೆ. ಸಿಪ್ಪೆ ಉಬ್ಬಿ ಸಡಿಲ ಆಗಿರುತ್ತದೆ. ಕಾಳಿನ ಒಂದು ಅಂಚಿನಲ್ಲಿ ಬಿಳಿ ಗೆರೆ ಇರುತ್ತದಲ್ಲ, ಅದನ್ನು ನೋಡಿಕೊಂಡು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಬೇಕು. ಪಚಕ್ ಅಂತ ಬೇಳೆ ಆಚೆ ಬರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಜಾಸ್ತಿ ಒತ್ತಿದರೆ ಬೇಳೆ ಗೋಡೆಗೆ ಹಾರುತ್ತದೆ, ಕಮ್ಮಿ ಒತ್ತಿದರೆ ಸಿಪ್ಪೆ ಬಿಡುವುದೇ ಇಲ್ಲ. ಅಂಗೈ ಕಡೆಗೆ ತಿರುಗಿಸಿ ಒತ್ತಿದರೆ ಮುಷ್ಟಿಯೊಳಗೇ ಬೀಳುತ್ತದೆ, ಆಗ ಬೇಗ ಬೇಗ ಮಾಡಬಹುದು. ಇದನ್ನು ನನಗೆ ತೋರಿಸಿಕೊಟ್ಟವರು ನಮ್ಮತ್ತೆ. ಅವರು ಎರಡೂ ಕೈಯಲ್ಲಿ ಒಟ್ಟಿಗೆ ಹಿದುಕುತ್ತಾರೆ, ಮಾತಾಡುತ್ತಲೇ ಇರುತ್ತಾರೆ, ಕಾಳಿನ ಕಡೆ ನೋಡುವುದೂ ಇಲ್ಲ. ಬೋಗುಣಿ ತುಂಬುತ್ತಾ ಹೋಗುತ್ತದೆ.

ಈ ಕೆಲಸಕ್ಕೆ ಶಕ್ತಿ ಬೇಡ, ಎತ್ತರ ಬೇಡ, ಓದು ಬರಹವೂ ಬೇಡ. ನಾಲ್ಕು ವರ್ಷದ ಮಗುವೂ ಮಾಡಬಹುದು, ಎಂಬತ್ತರ ಅಜ್ಜಿಯೂ ಮಾಡಬಹುದು, ಆದರೆ ಅಜ್ಜಿಯಷ್ಟು ಬೇಗ ಯಾರಿಗೂ ಆಗುವುದಿಲ್ಲ. ನನ್ನ ಮಾತಿನ ತಿರುಳು ಇದೇ. ಮಾಲ್‌ಗೆ, ಪಾರ್ಕಿಗೆ, ಸಿನಿಮಾಗೆ ಮನೆಮಂದಿಯೆಲ್ಲ ಹೋದಾಗ ಹಿರಿಯರು ಸುಮ್ನೆ ಜೊತೆಗೆ ಬಂದಿರುತ್ತಾರೆ. ಬ್ಯಾಗು ಕಾಯುತ್ತಾರೆ, ಟಿಕೆಟ್ ಹೇಗೆ ತೆಗೆಯುವುದು ಅಂತ ಮೊಮ್ಮಕ್ಕಳನ್ನು ಕೇಳುತ್ತಾರೆ. ಅವರೆಕಾಳಿನ ಬೋಗುಣಿ ಮುಂದಿಟ್ಟ ಕೂಡಲೇ ಅವರೇ ಮೇಷ್ಟ್ರು. ನಮ್ಮ ಮಗಳು ಅಜ್ಜಿಯ ಬೆರಳನ್ನೇ ನೋಡುತ್ತಾ, “ಅಜ್ಜಿ, ನಿಧಾನಕ್ಕೆ ಮಾಡಿ ತೋರಿಸು” ಅಂತ ಗೋಗರೆದಾಗ ಅವರ ಮುಖ ನೋಡಬೇಕಿತ್ತು. ಆಮೇಲೆ ಕಥೆಗಳು ಬಂದವು. ಅವರ ತೌರಿನಲ್ಲಿ ಮಂಕರಿಗಟ್ಟಲೆ ಅವರೆಕಾಯಿ ಬರುತ್ತಿದ್ದದ್ದು, ಸಂಜೆ ಹೊತ್ತು ಬೀದಿಯ ಹೆಂಗಸರೆಲ್ಲ ಜಗಲಿ ಮೇಲೆ ಕೂತು ಬಿಡಿಸುತ್ತಿದ್ದದ್ದು, ಸಿಪ್ಪೆಯೆಲ್ಲ ದನದ ಕೊಟ್ಟಿಗೆಗೆ ಹೋಗುತ್ತಿದ್ದದ್ದು. ಈ ಕಥೆಗಳನ್ನು ಹೇಳಿ ಅಂತ ಕೂರಿಸಿದರೆ ಅವರು ಹೇಳುವವರಲ್ಲ. ಕೈಗೆ ಕೆಲಸ ಇದ್ದರೆ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹಾಗಾಗಿ ಮೇಳ ನಡೆಸುವವರಲ್ಲಿ ನನ್ನದೊಂದು ಬೇಡಿಕೆ. ಒಂದು ಮೂಲೆಯಲ್ಲಿ ನಾಲ್ಕು ಜಮಖಾನ ಹಾಸಿ. ನೆಲಕ್ಕೆ ಕೂರಲಾಗದವರಿಗೆ ಪಕ್ಕದಲ್ಲಿ ಬೆಂಚು ಹಾಕಿ. ನೆನೆಸಿದ ಕಾಳನ್ನು ಅಳೆದು ಬಟ್ಟಲಿನಲ್ಲಿ ಕೊಡಿ, ದುಡ್ಡು ತಗೊಳ್ಳಿ, ಬೇಡ ಅನ್ನುವುದಿಲ್ಲ. ಕೈ ತೊಳೆಯೋಕೆ ನೀರು, ಸೋಪು ಇರಲಿ. ಮಕ್ಕಳು ಹಿದುಕಿದ್ದನ್ನು ಮೇಳದ ಅಡುಗೆಗೆ ಹಾಕೋಕೆ ಆಗುವುದಿಲ್ಲ, ಅದು ಸರಿಯೂ ಅಲ್ಲ. ಅವರವರು ಹಿದುಕಿದ್ದು ಅವರವರ ಮನೆಗೆ ಹೋಗಲಿ. ಊರಿನಿಂದ ಕಾಯಿ ತಂದ ರೈತರಲ್ಲಿ ಯಾರಾದರೂ ಒಬ್ಬರು ಒಂದು ಬಳ್ಳಿಯನ್ನು ಹೂವು, ಕಾಯಿ, ಬೇರು ಸಮೇತ ತಂದು ಅಲ್ಲಿಟ್ಟರೆ ಇನ್ನೂ ಒಳ್ಳೆಯದು. ಇಷ್ಟಕ್ಕೆ ದೊಡ್ಡ ಖರ್ಚೇನೂ ಇಲ್ಲ ಅಲ್ವಾ? ಗಾಳಿ ಜಾರುಬಂಡೆಗೆ ಜನರೇಟರ್ ಬೇಕು, ಇದಕ್ಕೆ ಅದೂ ಬೇಡ.

ಇಂಥದ್ದು ಬೇರೆ ಕಡೆ ಇಲ್ಲವೇ ಇಲ್ಲ ಅಂತಲ್ಲ. ಮೈಸೂರು ದಸರಾ ಆಹಾರ ಮೇಳದಲ್ಲಿ ತಿನ್ನುವುದರ ಜೊತೆಗೆ ಅಡುಗೆ ಸ್ಪರ್ಧೆಗಳೂ ಇರುತ್ತವೆ. ಅಲ್ಲಿ ಜನ ಮುಗಿಬೀಳುವುದು ಆದಿವಾಸಿಗಳು ಮಾಡುವ ಬಂಬೂ ಬಿರಿಯಾನಿಗೆ. ಅಕ್ಕಿ, ಕೋಳಿ, ಮಸಾಲೆಯನ್ನು ಬಿದಿರಿನ ಅಂಡೆಗೆ ತುಂಬಿ, ಬಾಯಿಗೆ ಎಲೆ ಮುಚ್ಚಿ, ಸಾಲಾಗಿ ಬೆಂಕಿಗೆ ಒರಗಿಸಿ ಇಟ್ಟಿರುತ್ತಾರೆ. ಬಿದಿರಿನ ಹೊರಮೈ ಕಪ್ಪಾಗುತ್ತಾ ಬರುತ್ತದೆ, ಮಕ್ಕಳು ಕಣ್ಣು ಮಿಟುಕಿಸದೆ ನಿಂತಿರುತ್ತಾರೆ. ಅಂಡೆ ಸೀಳಿ ಬಿರಿಯಾನಿ ಎಲೆ ಮೇಲೆ ಸುರಿದಾಗ ಬರುವ ಹೊಗೆ, ಆ ವಾಸನೆ! ನಾವು ಸಸ್ಯಾಹಾರಿಗಳು, ಆದರೂ ಮಕ್ಕಳಿಗೆ ತೋರಿಸೋಕೆ ಅಂತಲೇ ಅಲ್ಲಿ ನಿಂತೆವು. ಪಾತ್ರೆ ಇಲ್ಲದೆ ಅಡುಗೆ ಆಗುತ್ತದೆ ಅನ್ನುವುದನ್ನು ಮಗು ಕಣ್ಣಾರೆ ನೋಡಿದರೆ ಮರೆಯುತ್ತದಾ?

ಅದೇ ತಿನ್ನುವ ಸ್ಪರ್ಧೆ ಬಗ್ಗೆ ನನಗೆ ಒಲವಿಲ್ಲ. ರಾಗಿ ಮುದ್ದೆ ನುಂಗುವ ಸ್ಪರ್ಧೆಗೆ ಜನ ಸೇರುತ್ತಾರೆ, ಶಿಳ್ಳೆ ಬೀಳುತ್ತದೆ, ಬಯಲುಸೀಮೆಯಲ್ಲಿ ಮುದ್ದೆ ಅಂದರೆ ಪ್ರೀತಿಯೂ ಹೌದು, ಹೆಮ್ಮೆಯೂ ಹೌದು. ದೊಡ್ಡವರು ಬೇಕಾದರೆ ಮಾಡಲಿ. ಮಕ್ಕಳಿಗೆ ಇಡ್ಲಿಯೋ ಬಾಳೆಹಣ್ಣೋ ಕೊಟ್ಟು ಯಾರು ಬೇಗ ತಿನ್ನುತ್ತೀರಿ ಅಂತ ಓಡಿಸುವುದು ಮಾತ್ರ ಬೇಡವೇ ಬೇಡ. ಗಂಟಲಲ್ಲಿ ಸಿಕ್ಕಿಕೊಂಡರೆ ಗತಿ ಏನು? ಮನೆಯಲ್ಲಿ ನಿಧಾನವಾಗಿ ಅಗಿದು ತಿನ್ನು ಅಂತ ಹೇಳಿ, ಮೇಳದಲ್ಲಿ ಬೇಗ ನುಂಗಿದವರಿಗೆ ಬಹುಮಾನ ಕೊಟ್ಟರೆ ಮಗು ಯಾವುದನ್ನು ನಂಬಬೇಕು? ಸ್ಪರ್ಧೆ ಬೇಕೇ ಬೇಕು ಅಂದರೆ ಕಣ್ಣಿಗೆ ಬಟ್ಟೆ ಕಟ್ಟಿ ವಾಸನೆಯಲ್ಲೇ ಗುರುತಿಸುವ ಆಟ ಇಡಿ. ಇಂಗು, ಕರಿಬೇವು, ಕೊತ್ತಂಬರಿ ಬೀಜ, ಏಲಕ್ಕಿ, ಅವರೆಕಾಯಿ ಇಟ್ಟರೆ ಸಾಕು. ಅಪ್ಪಂದಿರನ್ನೂ ಕೂರಿಸಿ. ನಮ್ಮ ಬಿಲ್ಡಿಂಗಿನಲ್ಲಿ ಸಂಕ್ರಾಂತಿ ಸಮಯದಲ್ಲಿ ಈ ಆಟ ಆಡಿದಾಗ ಗೆದ್ದವನು ಮೂರನೇ ಮಹಡಿಯ ಎಂಟು ವರ್ಷದ ಹುಡುಗ. ಅವನ ಅಮ್ಮ ಅಡುಗೆ ಮಾಡುವಾಗ ಕಟ್ಟೆ ಮೇಲೆ ಕೂತು ಡಬ್ಬ ತೆಗೆದು ಕೊಡುವ ಕೆಲಸ ಅವನದೇ ಅಂತ ಆಮೇಲೆ ಗೊತ್ತಾಯಿತು.

ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೂ ಇಲ್ಲಿ ನೆನೆಯಲೇಬೇಕು. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಸುತ್ತ ನಡೆಯುತ್ತದೆ, ಜನ ಈಗ ಹಿಂದಿನ ದಿನವೇ ಸೇರುತ್ತಾರೆ. ಸುಂಕೇನಹಳ್ಳಿ ರೈತರ ಕಡಲೆಕಾಯಿ ತಿನ್ನೋಕೆ ಬರುತ್ತಿದ್ದ ಬಸವನ ಕಥೆ ಮಕ್ಕಳಿಗೆ ಹೇಳಿ ಮುಗಿಸುವಷ್ಟರಲ್ಲಿ ಗುಡಿ ಬಂದಿರುತ್ತದೆ. ಅಲ್ಲಿ ಮಾರುವವರು ಒಂದೊಂದು ರಾಶಿಯಿಂದಲೂ ಒಡೆದು ತಿಂದು ನೋಡಿ ಅಂತ ಕೊಡುತ್ತಾರೆ. ಎರಡು ಕಾಳಿನದು, ಮೂರು ಕಾಳಿನದು, ಹಸಿಯದು, ಹುರಿದದ್ದು, ಬೇಯಿಸಿದ್ದು. ಆಯ್ದು ತಿನ್ನುವ ಆಟ ಅಲ್ಲಿ ತಾನಾಗಿಯೇ ನಡೆಯುತ್ತದೆ, ಯಾರೂ ಏರ್ಪಾಡು ಮಾಡಬೇಕಾಗಿಲ್ಲ. ಒಳ್ಳೆಯ ಮೇಳ ಅಂದರೆ ನನಗೆ ಹಾಗೇ ಇರಬೇಕು.

ಅವರೆಬೇಳೆ ಮೇಳಕ್ಕೆ ಮಕ್ಕಳ ಜೊತೆ ಹೋಗುವವರಿಗೆ ಇನ್ನು ಕೆಲವು ಮಾತು. ಸಂಜೆ ಆರರ ಮೇಲೆ ಹೋಗಬೇಡಿ, ಶನಿವಾರ ಭಾನುವಾರ ಅಂತೂ ಬೇಡ. ಕೆಲಸದ ದಿನದ ಬೆಳಿಗ್ಗೆಯೋ ಮಧ್ಯಾಹ್ನವೋ ಆದರೆ ದೋಸೆ ಹುಯ್ಯುವುದನ್ನು ಹತ್ತಿರದಿಂದ ನೋಡಬಹುದು. ಹೆಂಚಿನ ಮೇಲೆ ಹಿಟ್ಟು ಹರಡಿ, ಬೇಯಿಸಿದ ಕಾಳನ್ನು ಮೇಲೆ ಉದುರಿಸಿ, ಸೌಟಿನ ತಳದಲ್ಲಿ ಮೆಲ್ಲಗೆ ಒತ್ತುವ ಆ ಗಳಿಗೆ ಮಕ್ಕಳಿಗೆ ಕಾಣಬೇಕು. ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ತಗೊಳ್ಳಬೇಡಿ. ಒಂದು ತಟ್ಟೆ ತಂದು ಎಲ್ಲರೂ ಹಂಚಿಕೊಂಡು, ಆಮೇಲೆ ಇನ್ನೊಂದಕ್ಕೆ ಹೋಗಿ. ದುಡ್ಡೂ ಉಳಿಯುತ್ತದೆ, ಹೊಟ್ಟೆಯೂ ಕೆಡುವುದಿಲ್ಲ. ಅವರೆ ಸ್ವಲ್ಪ ವಾಯು, ಹಿರಿಯರಿಗೆ ಇಂಗು ಶುಂಠಿ ಹಾಕಿದ್ದನ್ನೇ ಕೊಡಿಸಿ. ಮಕ್ಕಳು ಹಸಿ ಕಾಳು ಬಾಯಿಗೆ ಹಾಕಿಕೊಳ್ಳದ ಹಾಗೆ ನೋಡಿಕೊಳ್ಳಿ, ಅವರೆಯನ್ನು ಬೇಯಿಸಿಯೇ ತಿನ್ನಬೇಕು. ನೀರಿನ ಬಾಟಲಿ, ಒಂದು ಒದ್ದೆ ಬಟ್ಟೆ, ಮಡಚುವ ಸ್ಟೂಲ್ ಇದ್ದರೆ ಅದೂ ಬರಲಿ. ಒಂದು ಆಹಾರ ಮೇಳದಲ್ಲಿ ನಮ್ಮತ್ತೆಗೆ ಕೂರೋಕೆ ಜಾಗ ಸಿಗದೆ ನೀರಿನ ಟ್ಯಾಂಕಿನ ಕಟ್ಟೆ ಮೇಲೆ ಕೂರಿಸಬೇಕಾಯಿತು, ಶೌಚಾಲಯ ಎಲ್ಲಿದೆ ಅಂತ ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಕುಟುಂಬ ಸಮೇತ ಬನ್ನಿ ಅಂತ ಬ್ಯಾನರ್ ಕಟ್ಟುವವರು ಮೊದಲು ನೋಡಬೇಕಾದ್ದು ಇವೆರಡನ್ನು.

ಮೇಳದಿಂದ ಬರುವಾಗ ಮಿಕ್ಸ್ಚರಿನ ಪೊಟ್ಟಣ ಎಲ್ಲರೂ ತರುತ್ತಾರೆ. ಅದರ ಜೊತೆ ಗಾಂಧಿ ಬಜಾರಿನ ಕಾಯಿ ಚೀಲವೂ ಇರಲಿ. ರಾತ್ರಿ ಟಿವಿ ಮುಂದೆ ಪೇಪರ್ ಹಾಸಿ ಎಲ್ಲರೂ ಬಿಡಿಸಿ, ಕಾಳು ನೆನೆಹಾಕಿ ಮಲಗಿ. ಬೆಳಿಗ್ಗೆ ಮಕ್ಕಳು ಹಿದುಕಲಿ. ಸಾರಿಗೆ ಕಾಯಿತುರಿ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಒಂದು ಚೂರು ಚಕ್ಕೆ, ಎರಡು ಲವಂಗ, ಸ್ವಲ್ಪ ಗಸಗಸೆ ರುಬ್ಬಿಕೊಳ್ಳಿ. ಬೇಳೆಯನ್ನು ಕುಕ್ಕರಿಗೆ ಹಾಕಬೇಡಿ, ಕರಗಿಹೋಗುತ್ತದೆ. ತೆರೆದ ಪಾತ್ರೆಯಲ್ಲಿ ಹದವಾಗಿ ಬೇಯಿಸಿ, ಬೆರಳಲ್ಲಿ ಒತ್ತಿದರೆ ಮೆತ್ತಗೆ ಆಗಬೇಕು, ಆಕಾರ ಕೆಡಬಾರದು. ಆಮೇಲೆ ಮಸಾಲೆ ಹಾಕಿ ಒಂದೆರಡು ಕುದಿ ಬರಿಸಿ, ಮುದ್ದೆಗೋ ಅಕ್ಕಿ ರೊಟ್ಟಿಗೋ ಬಡಿಸಿ. ನಮ್ಮ ಮನೆಯಲ್ಲಿ ಸಾರು ಮುಟ್ಟದಿದ್ದ ಹುಡುಗಿ ಆವತ್ತು ತಟ್ಟೆಯಲ್ಲಿದ್ದ ಬೇಳೆಯನ್ನೆಲ್ಲ ಆರಿಸಿ ಆರಿಸಿ ತಿಂದಳು, ಇದು ನಾನು ಹಿದುಕಿದ್ದು, ಇದು ಅಜ್ಜಿ ಹಿದುಕಿದ್ದು ಅಂತ ಹೇಳುತ್ತಾ. ಅಜ್ಜಿ ಇನ್ನೊಂದು ಸೌಟು ಬಡಿಸಿ, ನಾಳೆಗೂ ಕಾಳು ನೆನೆಹಾಕೋಣವಾ ಅಂತ ಕೇಳಿದರು.